ಸೌಂಡು ಸಣ್ಗದೆ

ಶಿವಯ್ಯ ಕಾರಿನ ಎಡಗಡೆ ಸೀಟನ್ನು ಹಿಂದಕ್ಕೆ ತಳ್ಳಿ, ಮೊಣಕಾಲೂರಿ, ಅದರಡಿಗೆ ಕೈ ತೂರಿಸಿದ. ಇಟ್ಟಿಗೆಯಷ್ಟು ದಪ್ಪದ ಆಂಪ್ಲಿಫೈಯರ್ ಕೈಗೆ ತಣ್ಣಗೆ ತಗುಲಿತು. ಅದಕ್ಕೆ ಏನೂ ಆಗಿಲ್ಲವೆಂದು ಆ ಬೀದಿಯಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಹತ್ತು ಹೆಜ್ಜೆ ಆಚೆ, ಚಪ್ಪರದಡಿ, ಕಾರಿನ ಯಜಮಾನ ಸುಬ್ಬಯ್ಯನನ್ನು ಮಲಗಿಸಿದ್ದರು. ಬದುಕಿದ್ದಾಗ ಒಂದು ದಿನವೂ ಬಾಚಣಿಗೆ ಕಾಣದ ಮೀಸೆಯನ್ನು ಯಾರೋ ನೀಟಾಗಿ ಬಾಚಿ, ಕೊಳ್ಳೇಗಾಲಕ್ಕೆ ಹೊಸದಾಗಿ ಬಂದ ತಹಶೀಲ್ದಾರನಂತೆ ಮಾಡಿಟ್ಟಿದ್ದರು.

ಮಗ ಚರಣ್ ಡಿಕ್ಕಿಯಿಂದ ಒಂದು ರಟ್ಟಿನ ಡಬ್ಬಿ ತಂದುಕೊಟ್ಟ. ಹನೂರಿನಲ್ಲಿ ಕೆಲಸ, ತಿಂಗಳಿಗೊಮ್ಮೆ ಬಂದು ಹೋಗುವವನು. ಹೆಣದ ಮುಂದೆ ಕಾರು ಹೋಗಬೇಕು, ಅದರಲ್ಲಿ ಮಾದಪ್ಪನ ಪದ ಕೇಳಬೇಕು ಅಂತ ಅವ್ವ ಹಟ ಹಿಡಿದಿದ್ದಾಳೆ ಎಂದ.

"ಸೌಂಡೇ ಇಲ್ಲ ಅಂತಿದ್ರು ಅಪ್ಪ. ನೀವು ಕೊಟ್ಟ ಆಂಪ್ಲಿಫೈಯರ್ನ ಈ ಭಾನ್ವಾರ ಆಕ್ಬೇಕು ಅಂತಿದ್ರು. ನೀವೇ ಆಕ್ಬುಡಿ ಮಾವ."

ಶಿವಯ್ಯ ತಲೆ ಎತ್ತದೆ ಸ್ಕ್ರೂಡ್ರೈವರ್ ಕೇಳಿ ಇಸಕೊಂಡ.

ಚಪ್ಪರದ ಕಡೆ ಗದ್ದಲ ಇತ್ತು. ಸುಬ್ಬಯ್ಯನ ಹೆಂಡತಿ ರುದ್ರಾಣಿಯ ತಮ್ಮ ಪುಟ್ಟಸಿದ್ದಯ್ಯ ಬಂದವರಿಗೆಲ್ಲ ಒಂದೇ ಕತೆಯನ್ನು ನೂರನೇ ಸಲ ಹೇಳುತ್ತಿದ್ದ. ಮೊನ್ನೆ ಕುಂತೂರಿನಲ್ಲಿ ಭಾವ ಟೀ ಕುಡಿಯಲು ರಸ್ತೆ ದಾಟುತ್ತಿದ್ದನಂತೆ. ಹಿಂದಿನಿಂದ ಕಬ್ಬಿನ ಟ್ರ್ಯಾಕ್ಟರ್ ಬಂದು ಹೊಡೆಯಿತಂತೆ. ಓಡಿಸುತ್ತಿದ್ದವನು ಲೊಕ್ಕನಹಳ್ಳಿಯ ಶಾಂತರಾಜು, ಈಗ ಸ್ಟೇಷನ್ನಿನಲ್ಲಿದ್ದಾನೆ. ಕೈ ಸೋಲುವ ತನಕ ಹಾರನ್ ಹೊಡೆದೆ ಅಂತ ಅವನು ಅಳುತ್ತಾನಂತೆ.

"ಒಡ್ದಿದ್ರೆ ನಮ್ ಭಾವಂಗೆ ಕೇಳುಸ್ತಿರ್ಲಿಲ್ವಾ? ಕುಡ್ದಿದ್ದ ಕಣ್ರಿ ಅವ್ನು. ಮಣ್ಣಾಗ್ಲಿ, ಇವತ್ತೇ ಸ್ಟೇಷನ್ಗೆ ಬರ್ದುಕೊಡ್ತೀವಿ."

ಬೀದಿಯ ಕೊನೆಯಲ್ಲಿ, ಕರೆಂಟ್ ಕಂಬದ ಪಕ್ಕ, ಶಾಂತರಾಜುವಿನ ಅಪ್ಪ ಮಾದಸ್ವಾಮಿ ಬೆಳಗಿನಿಂದ ನಿಂತಿದ್ದ. ಒಳಗೆ ಬರಲು ಬಿಟ್ಟಿರಲಿಲ್ಲ. ತಂದಿದ್ದ ಹಾರವನ್ನು ಯಾರೂ ತೆಗೆದುಕೊಳ್ಳದೆ, ಅದು ಅವನ ಕೈಯಲ್ಲೇ ಬಾಡುತ್ತಿತ್ತು.

* * *

ಸುಬ್ಬಯ್ಯ ರೇಷ್ಮೆಗೆ ಹುರಿ ಹಾಕುವ ಮೆಷಿನ್ನಿನ ಮುಂದೆ ಮೂವತ್ತೆರಡು ವರ್ಷ ನಿಂತವನು. ಕೆಲಸ ಬಿಟ್ಟ ಮೇಲೆ ಈ ಹಳೇ ಕಾರು ತಂದ. ಹೆಂಡತಿಯನ್ನು ಕೂರಿಸಿಕೊಂಡು ಪದ ಕೇಳುತ್ತಾ ಮಾದಪ್ಪನ ಬೆಟ್ಟಕ್ಕೆ ಹೋಗುವುದೇ ಅವನ ಸಂಭ್ರಮ.

ಮೂರು ವರ್ಷದ ಹಿಂದೆ ಆಂಪ್ಲಿಫೈಯರ್ ನಿಜವಾಗಿಯೂ ಸುಟ್ಟುಹೋಯಿತು. ಕಾರಿನ ಟೇಪು ಸ್ಪೀಕರು ರಿಪೇರಿ ಮಾಡುವ ಶಿವಯ್ಯನೇ ಗೆಳೆಯನಾಗಿದ್ದರೂ ಸುಬ್ಬಯ್ಯ ಅವನಿಗೆ ಕೈ ಹಾಕಲು ಬಿಡಲಿಲ್ಲ. ಶಿವಯ್ಯನ ಅಂಗಡಿಯ ಮುಂದೆಯೇ ಕಾರು ನಿಲ್ಲಿಸಿ, ಫೋನಿನಲ್ಲಿ ವಿಡಿಯೋ ಹಾಕಿಕೊಂಡು, ಅದರಲ್ಲಿದ್ದವನ ಬೆರಳುಗಳನ್ನು ನೋಡಿ ನೋಡಿ ಕಲಿತ. ಮೊದಲು ಬ್ಯಾಟರಿಯ ಮೈನಸ್ ವೈರು ಬಿಚ್ಚಿದ. ಯಾವ ವೈರು ಎಲ್ಲಿಗೆ ಅಂತ ಫೋಟೋ ತೆಗೆದ. ಅರ್ತ್ ವೈರು ಕೂರುವ ಜಾಗದ ಬಣ್ಣವನ್ನು ಚಾಕುವಿನಿಂದ ತಗಡು ಹೊಳೆಯುವ ತನಕ ಕೆರೆದ. ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಸೀಟಿನಡಿ ಮೂರು ಗಂಟೆ ಮಲಗಿ, ಎದ್ದಾಗ ಗಣಿಯಿಂದ ಬಂದವನಂತಿದ್ದ.

ಸೌಂಡು ಬಂತು. ಬೀದಿಯ ನಾಯಿಗಳೆಲ್ಲ ಯಳಂದೂರಿಗೆ ಓಡಿಹೋಗಿ ಸಂಜೆ ಬಸ್ಸಿಗೆ ವಾಪಸು ಬಂದಿರಬೇಕು, ಅಷ್ಟು ಸೌಂಡು. ಸುಬ್ಬಯ್ಯ ಮಾತ್ರ ಸ್ಪೀಕರಿಗೆ ಕಿವಿ ಒತ್ತಿ ಮುಖ ಚಿಕ್ಕದು ಮಾಡಿದ.

"ಸೌಂಡು ಸಣ್ಗದೆ ಕಣ್ಲಾ ಶಿವ."

ಶಿವಯ್ಯನಿಗೆ ಆ ಕ್ಷಣದಲ್ಲೇ ಗೊತ್ತಾಯಿತು. ಬಾಯಿಗೂ ಬಂತು. ಅಷ್ಟರಲ್ಲಿ ಅಂಗಡಿಗೆ ಬಂದಿದ್ದ ಯಾರೋ ಗಿರಾಕಿ ಕಿಸಕ್ಕೆಂದ. ಶಿವಯ್ಯ ಅವನಿಗೆ ಕಣ್ಣು ಹೊಡೆದು, ಇದೂ ವೀಕು ಕಣ್ಲಾ, ಬೇರೆ ಹಾಕು ಎಂದ.

ಅದೇ ಆಟವಾಯಿತು. ಗುಜರಿ ಪೆಟ್ಟಿಗೆಯಿಂದ ಶಿವಯ್ಯ ಒಂದೊಂದೇ ಆಂಪ್ಲಿಫೈಯರ್ ತೆಗೆದು ಪುಕ್ಕಟೆ ಕೊಡುತ್ತಿದ್ದ. ಸುಬ್ಬಯ್ಯ ಕೂತು ಜೋಡಿಸುತ್ತಿದ್ದ, ಸೌಂಡನ್ನು ಕೊನೆ ತನಕ ತಿರುಗಿಸುತ್ತಿದ್ದ, ಬೆವರು ಒರೆಸಿಕೊಂಡು "ಈಗ?" ಅನ್ನುತ್ತಿದ್ದ. ಅಂಗಡಿಯಲ್ಲಿದ್ದವರು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು.

ಹೋದ ವಾರ ಈ ಕೊನೆಯ ಡಬ್ಬಿ ಇಸಕೊಳ್ಳುವಾಗ ಸುಬ್ಬಯ್ಯ ತಕ್ಷಣ ಹೋಗಲಿಲ್ಲ. ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ.

"ಶಿವ, ನನ್ಗೇ ಏನಾರ ಆಗದಾ? ನಿಜ ಏಳು."

"ನಿನ್ಗೇನಾಗದು? ಗುಂಡ್ಕಲ್ಲು ಇದ್ದಂಗಿದ್ದೀಯ."

ಶಿವಯ್ಯ ಅದನ್ನು ಗಿರಾಕಿಗಳಿಗೆ ಕೇಳುವಂತೆ ಹೇಳಿದ್ದ.

* * *

ಒಂದು ಸ್ಕ್ರೂ ಬಿಚ್ಚಿ ಬಂದಿತ್ತು. ಇನ್ನು ಮೂರು. ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿ, ಸೌಂಡನ್ನು ಹದಕ್ಕೆ ತಂದಿಟ್ಟರೆ ಸುಬ್ಬಯ್ಯ ಹೇಳುತ್ತಿದ್ದುದೇ ಸರಿ ಎಂದಾಗುತ್ತಿತ್ತು. ಯಾರೂ ಏನೂ ಕೇಳುತ್ತಿರಲಿಲ್ಲ. ಸಂಜೆ ಪುಟ್ಟಸಿದ್ದಯ್ಯ ಬರೆದುಕೊಟ್ಟ ದೂರಿಗೆ ಚರಣ್ ರುಜು ಹಾಕುತ್ತಿದ್ದ.

ಶಿವಯ್ಯ ಎರಡನೇ ಸ್ಕ್ರೂಗೆ ಸ್ಕ್ರೂಡ್ರೈವರ್ ಇಟ್ಟ. ಸೀಟಿನಡಿಯಿಂದ ತಗಡು ಹೊಳೆಯುತ್ತಿದ್ದುದು ಕಂಡಿತು. ನಾಲ್ಕು ಸಲ ಕೆರೆದ ಜಾಗ, ಕನ್ನಡಿಯಂತಾಗಿತ್ತು. ಇಷ್ಟು ನೀಟಾದ ಕೆಲಸವನ್ನು ಶಿವಯ್ಯ ತನ್ನ ಜನ್ಮದಲ್ಲಿ ಮಾಡಿರಲಿಲ್ಲ.

ಬಿಚ್ಚಿದ ಸ್ಕ್ರೂವನ್ನು ಅವನು ಮತ್ತೆ ತಿರುಗಿಸಿ ಬಿಗಿ ಮಾಡಿದ. ಹೊಸ ಡಬ್ಬಿಯನ್ನು ತೆರೆಯಲಿಲ್ಲ. ಈಚೆ ಬಂದು, ಚರಣನ ಕೈಯಿಂದ ಬೀಗದ ಕೈ ಇಸಕೊಂಡು, ಸುಬ್ಬಯ್ಯನ ಸೀಟಿನಲ್ಲಿ ಕೂತು ತಿರುಗಿಸಿದ.

ಮಾದಪ್ಪನ ಪದ ಗುಡುಗಿನಂತೆ ಬೀದಿಗೆ ಬಿತ್ತು. ಚಪ್ಪರದ ಗರಿ ನಡುಗಿತು. ಅಳುತ್ತಿದ್ದವರು ಅಳು ನಿಲ್ಲಿಸಿದರು, ಇಡೀ ಬೀದಿ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಿತು. ಚರಣ್ ಸೌಂಡು ಇಳಿಸಲು ಕೈ ಚಾಚಿದ. ಶಿವಯ್ಯ ಅವನ ಕೈ ಹಿಡಿದ.

"ನಿಮ್ಮಪ್ಪ ಮಡ್ಗಿದ್ದು ಇಷ್ಟೇಯ. ಇಷ್ಟಿದ್ರೂ ಸಣ್ಗದೆ ಅಂತಿದ್ದ. ಆ ಶಾಂತ್ರಾಜು ಆರನ್ ಒಡ್ದವ್ನೆ. ಇವನ್ಗೆ ಕಿವಿ ಓಗಿತ್ತು. ನನ್ಗೊತ್ತಿತ್ತು."

ಒಂದು ಅಕ್ಷರವೂ ಯಾರಿಗೂ ಕೇಳಲಿಲ್ಲ. ಕಿವಿ ಮುಚ್ಚಿಕೊಂಡೇ ಚರಣ್ ಏನು ಎಂಬಂತೆ ತಲೆ ಅಲ್ಲಾಡಿಸಿದ.

ಕೇಳದ ಮಾತು ತಿಳಿದದ್ದು ರುದ್ರಾಣಿಗೆ. ಅವಳೂ ಹನ್ನೆರಡು ವರ್ಷ ಗಂಡನ ಪಕ್ಕದ ಮೆಷಿನ್ನಿನಲ್ಲಿ ನಿಂತವಳು. ಮೆಷಿನ್ನಿನ ಗದ್ದಲಕ್ಕೆ ಅಲ್ಲಿ ಮಾತೆಲ್ಲ ತುಟಿ ನೋಡಿಯೇ. ಮನೆಗೆ ಬಂದ ಮೇಲೂ ಗಂಡ ಹೆಂಡತಿಗೆ ಅದೇ ರೂಢಿ ಉಳಿದಿತ್ತು. ಗಂಡನ ಕಿವಿ ಯಾವತ್ತು ಹೋಯಿತೆಂದು ಅವಳಿಗೆ ತಿಳಿಯದೆ ಹೋದದ್ದೂ ಅದರಿಂದಲೇ.

ಅವಳು ಹೆಣದ ತಲೆಯ ಬಳಿಯಿಂದ ಎದ್ದು ಕಾರಿನ ಬಾಗಿಲಿಗೆ ಬಂದಳು. ಶಿವಯ್ಯನ ಬಾಯನ್ನೇ ನೋಡಿದಳು. ಆಮೇಲೆ ಸದ್ದಿಲ್ಲದೆ ಬರೀ ತುಟಿಯಲ್ಲಿ ಕೇಳಿದಳು. ಎಷ್ಟು ವರ್ಷದಿಂದ?

ಶಿವಯ್ಯ ಮೂರು ಬೆರಳು ಎತ್ತಿದ.

ರುದ್ರಾಣಿ ಬಗ್ಗಿ ಬೀಗದ ಕೈ ತಿರುಗಿಸಿ ಕಿತ್ತುಕೊಂಡಳು. ಬೀದಿ ಗಪ್ಪೆಂದಿತು. ಪುಟ್ಟಸಿದ್ದಯ್ಯ ಓಡಿ ಬಂದು ಏನಾಯಿತಕ್ಕ ಎಂದ. ಅವಳು ಕಂಬದ ಕಡೆ ನೋಡಿದಳು.

"ನಿಮ್ ಭಾವಂಗೆ ಕಿವಿ ಕೇಳ್ತಿರ್ಲಿಲ್ಲ. ಏನೂ ಬರ್ಕೊಡ್ಬ್ಯಾಡ. ಆವಯ್ಯನ್ನ ಕರಿ, ಊವ ಆಕ್ಲಿ."

ಜನ ಎರಡು ಪಕ್ಕಕ್ಕೆ ಸರಿದರು. ಮಾದಸ್ವಾಮಿ ಚಪ್ಪಲಿಯನ್ನು ಕಂಬದ ಬುಡದಲ್ಲೇ ಬಿಟ್ಟು, ಬಾಡಿದ ಹಾರ ಹಿಡಿದು, ಕಾರನ್ನು ದಾಟಿ ಹೋದ. ಒಳಗೆ ಶಿವಯ್ಯ ಕೂತೇ ಇದ್ದ. ಎತ್ತಿದ ಮೂರು ಬೆರಳನ್ನು ಅವನು ಇನ್ನೂ ಇಳಿಸಿರಲಿಲ್ಲ.