ಹೂಂ ಅಕ್ಕ ‘ಕೇಳಿಸಲಿಲ್ಲ’ ಅಂದ ದಿನ

ಆ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ‘ಹೂಂ ಅಕ್ಕ’ ಎಂದೇ. ಯಾರು ಏನೇ ಹೇಳಲಿ, ಅವಳ ಉತ್ತರ ಒಂದೇ.

“ಟವೆಲ್ ಒಣಗಿದ್ವಾ ಅಕ್ಕಾ?”

“ಹೂಂ.”

“ಊಟಕ್ಕೆ ಬರ್ತೀಯಾ?”

“ಹೂಂ.”

“ನೀನು ಮಡಿಸಿಟ್ಟ ರಾಶಿ ಮೇಲೆ ಬೆಕ್ಕು ಮಲಗಿದೆ ನೋಡು.”

“ಹೂಂ.”

ಕೆಲವರು ಅವಳನ್ನು ಪಾಪದ ಹೆಂಗಸು ಅಂದರು, ಕೆಲವರು ಜಂಬದವಳು ಅಂದರು. ಎರಡು ಲೆಕ್ಕವೂ ತಪ್ಪು. ಐದು ವರ್ಷದ ಹಿಂದೆ ಬಂದ ಜ್ವರದಲ್ಲಿ ಅವಳ ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿ ಅರ್ಧ ಉಳಿದಿತ್ತು. ಆಸ್ಪತ್ರೆಯಲ್ಲಿ ಗೋಡಂಬಿಯಷ್ಟು ಚಿಕ್ಕ ಶ್ರವಣಯಂತ್ರ ಕೊಟ್ಟಿದ್ದರು. ಮನೆಯಲ್ಲಿ ಅದನ್ನು ಹಾಕಿಕೊಳ್ಳುತ್ತಿದ್ದಳು. ಲಾಂಡ್ರಿಯ ಗೇಟು ಬರುವ ಮೊದಲೇ ತೆಗೆದು ಕೈಚೀಲದ ತಳಕ್ಕೆ ಹಾಕುತ್ತಿದ್ದಳು. ಕೆಲಸಕ್ಕೆ ಸೇರುವಾಗ ಅರ್ಜಿಯಲ್ಲಿ ‘ಆರೋಗ್ಯದ ತೊಂದರೆ ಏನಾದರೂ ಇದೆಯೇ?’ ಎಂದು ಕೇಳಿದ್ದರು. ಅದರ ಮುಂದೆ ‘ಇಲ್ಲ’ ಎಂದು ಬರೆದವನು ಅವಳ ಗಂಡ.

ಮೂರು ವರ್ಷ ಹೀಗೇ ನಡೆಯಿತು. ಜನರ ತುಟಿ ನೋಡಿ ಅರ್ಧ ಮಾತು ಹಿಡಿಯುತ್ತಿದ್ದಳು, ಉಳಿದರ್ಧವನ್ನು ಊಹಿಸಿಕೊಳ್ಳುತ್ತಿದ್ದಳು. ಮಷಿನು ನಿಂತರೆ ಕಾಲಡಿಯ ನೆಲ ಅದುರುವುದು ನಿಲ್ಲುತ್ತಿತ್ತು, ಅದೇ ಅವಳ ಗಂಟೆ. ಸಂಜೆ ಮನೆ ಸೇರುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು. ಒಗೆದ ದಣಿವಲ್ಲ ಅದು, ಊಹಿಸಿ ಊಹಿಸಿ ಬಂದ ದಣಿವು.

ಒಂದು ದಿನ ದೊಡ್ಡ ಹೋಟೆಲೊಂದರಿಂದ ನಲವತ್ತು ಉಣ್ಣೆ ಹೊದಿಕೆಗಳು ಬಂದವು. ಅವನ್ನು ಮಷಿನಿಗೆ ತುಂಬಿದವನು ಗಂಟಣ್ಣ. ಬಟ್ಟೆಯ ಗಂಟು ಹೊರುವುದು, ಬಿಚ್ಚುವುದು, ತುಂಬುವುದು ಅವನ ಕೆಲಸ, ಹಾಗಾಗಿ ಆ ಹೆಸರು. ಆ ಮಷಿನಿನಲ್ಲಿ ನೀರಿನ ಬಿಸಿ ಎಷ್ಟಿರಬೇಕೆಂದು ಗುಂಡಿ ತಿರುಗಿಸುವುದು ಹೂಂ ಅಕ್ಕನ ಕೆಲಸ. ಮೇಲ್ವಿಚಾರಕಿ ಮೇಡಂ ಆ ತುದಿಯ ಬಾಗಿಲಲ್ಲಿ ನಿಂತು ಕೂಗಿದರು.

“ಇಪ್ಪತ್ತು!”

ನೀವೇ ಕನ್ನಡಿ ಮುಂದೆ ನಿಂತು ‘ಇಪ್ಪತ್ತು’ ಅನ್ನಿ, ಆಮೇಲೆ ‘ಎಪ್ಪತ್ತು’ ಅನ್ನಿ. ತುಟಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಥರ ಮುಚ್ಚಿ ತೆರೆಯುತ್ತದೆ. ಹೂಂ ಅಕ್ಕ ತಲೆಯಾಡಿಸಿ ಗುಂಡಿಯನ್ನು ಎಪ್ಪತ್ತಕ್ಕೆ ತಿರುಗಿಸಿದಳು.

ಉಣ್ಣೆಗೂ ಕುದಿ ನೀರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಒಳಗೆ ಹೋದದ್ದು ದೊಡ್ಡವರು ಹೊದೆಯುವ ಹೊದಿಕೆ, ಹೊರಗೆ ಬಂದದ್ದು ತೊಟ್ಟಿಲಿಗೆ ಸಾಕಾಗುವಷ್ಟು ತುಂಡು. ನಲವತ್ತಕ್ಕೆ ನಲವತ್ತೂ ಹಾಗೇ.

ಮೇಡಂ ಒಂದನ್ನು ಕೈಗೆತ್ತಿಕೊಂಡು ನೋಡಿದರು. ಅವರ ಮುಖ ಕೆಂಪಾಯಿತು. ಹೂಂ ಅಕ್ಕನ ಹತ್ತಿರ ಬಂದು ಕೇಳಿದರು, “ನಾನು ಇಪ್ಪತ್ತು ಅಂದಿದ್ದು ಕೇಳಿಸ್ತು ತಾನೇ? ಅಷ್ಟಕ್ಕೇ ಇಟ್ಟೆ ತಾನೇ?”

ಇಷ್ಟು ಹತ್ತಿರದಿಂದ ಅವಳಿಗೆ ಸರಿಯಾಗಿಯೇ ಕೇಳಿಸಿತು. ಆಗಲೇ ತಾನು ಮಾಡಿದ ತಪ್ಪೂ ಗೊತ್ತಾಯಿತು. ಆದರೂ ಬಾಯಿಂದ ಬಂದದ್ದು ಅದೇ ಹಳೆಯ ಉತ್ತರ.

“ಹೂಂ.”

ಮೇಡಂ ಗಂಟಣ್ಣನ ಕಡೆ ತಿರುಗಿದರು. “ಹಾಗಾದ್ರೆ ನೀವೇ ಉಣ್ಣೆ ಗಂಟನ್ನ ಬೆಡ್‌ಶೀಟಿನ ಬಿಸಿ ಮಷಿನಿಗೆ ಹಾಕಿದ್ದೀರ. ನಿಮ್ಮ ಮೇಲೆ ಮೊದಲೇ ಎರಡು ದೂರಿವೆ. ನಾಳೆ ಹತ್ತು ಗಂಟೆಗೆ ಮಾಲೀಕರ ಮುಂದೆ ಬಂದು ನಿಲ್ಲಿ. ಇನ್ನು ನಿಮ್ಮನ್ನ ಉಳಿಸ್ಕೊಳ್ಳೋದು ನನ್ನ ಕೈಲಾಗಲ್ಲ.”

“ನಾನು ಹಾಕಿಲ್ಲ ಮೇಡಂ,” ಅಂದ ಗಂಟಣ್ಣ. ಅವನ ಮಾತನ್ನು ಯಾರೂ ನಂಬಲಿಲ್ಲ.

ಆ ಸಂಜೆ ಹೂಂ ಅಕ್ಕ ಮನೆಗೆ ಬಂದು ಎಲ್ಲವನ್ನೂ ಗಂಡನಿಗೆ ಹೇಳಿದಳು. ಅವನು ಮನೆಗಳಿಗೆ ಬಣ್ಣ ಬಳಿಯುವವನು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಉಗುರು ಉಜ್ಜುತ್ತಾ ಕುಳಿತಿದ್ದ.

“ರೀ, ನಾಳೆ ಹೋಗಿ ನಿಜ ಹೇಳ್ಬಿಡ್ತೀನಿ.”

“ಹುಚ್ಚಾ ನಿಂಗೆ?” ಅವನು ಉಜ್ಜುವುದನ್ನು ನಿಲ್ಲಿಸಿದ. “ಕಿವಿ ಕೇಳಿಸಲ್ಲ ಅಂದ್ರೆ ಆ ಕ್ಷಣವೇ ಮನೆಗೆ ಕಳಿಸ್ತಾರೆ. ಕೆಲಸದ ಜಾಗದಲ್ಲಿ ನಮ್ಮ ಕೊರತೆ ನಾವೇ ತೋರಿಸ್ಕೋಬಾರದು ಕಣೆ. ಬಾಯಿ ಮುಚ್ಕೊಂಡಿರು.”

“ಗಂಟಣ್ಣನ ಗತಿ?”

ಅವನು ಮತ್ತೆ ಉಗುರು ಉಜ್ಜತೊಡಗಿದ. ಅಷ್ಟರಲ್ಲಿ ಪಕ್ಕದ ಮನೆಯ ನರ್ಸಮ್ಮ ಮಾತು ಕೇಳಿಸಿಕೊಂಡು ಒಳಗೆ ಬಂದರು. ಕಿವಿ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ಶ್ರವಣಯಂತ್ರ ಹಾಕಿಕೊಳ್ಳುವುದನ್ನು ಹೂಂ ಅಕ್ಕನಿಗೆ ಕಲಿಸಿದವರೂ ಅವರೇ. ಕೂರಿ ಅಂತ ಯಾರೂ ಹೇಳುವ ಮೊದಲೇ ಕುರ್ಚಿ ಎಳೆದುಕೊಂಡು ಕೂತರು.

“ಅಲ್ಲಮ್ಮ, ನೀನು ಅಲ್ಲಿ ಎಷ್ಟು ಕೆಲಸ ಮಾಡ್ತೀಯ?”

“ಒಂದೇ ಅಲ್ವಾ, ಬಟ್ಟೆ ಒಗೆಯೋದು.”

“ಎರಡು. ಬಟ್ಟೆ ಒಗೆಯೋದು ಒಂದು, ಕೇಳಿಸ್ತಿದೆ ಅಂತ ನಾಟಕ ಆಡೋದು ಇನ್ನೊಂದು. ಆ ಎರಡನೇದೇ ನಿನ್ನ ಹಿಂಡಿ ಹಿಪ್ಪೆ ಮಾಡ್ತಿರೋದು.”

ಗಂಡ ಸುಮ್ಮನಿರಲಿಲ್ಲ. “ಹೇಳೋದು ಸುಲಭ ನರ್ಸಮ್ಮ. ನಾಳೆಯಿಂದ ಇವಳನ್ನ ಕಿವುಡಿ ಅಂತ ಕರೀತಾರೆ.”

“ಕರೀಬಹುದು. ಒಬ್ಬರಿಬ್ಬರು ಕರೆದೇ ಕರೀತಾರೆ, ನಾನು ಸುಳ್ಳು ಹೇಳಲ್ಲ. ಆದ್ರೆ ಈಗ ಇವಳನ್ನ ಕರೆಯೋದೇನು? ಹೂಂ ಅಕ್ಕ ಅಂತ. ಅದೇನು ದೊಡ್ಡ ಬಿರುದಾ?”

ಹೂಂ ಅಕ್ಕನಿಗೆ ನಗು ಬಂತು, ಜತೆಗೇ ಕಣ್ಣೀರೂ ಬಂತು. ನರ್ಸಮ್ಮ ದನಿ ತಗ್ಗಿಸಿದರು. “ನೋಡು, ಕೇಳಿಸಲ್ಲ ಅಂತಷ್ಟೇ ಹೇಳಿ ಸುಮ್ಮನಾಗ್ಬೇಡ. ಏನು ಮಾಡಿದ್ರೆ ನಿಂಗೆ ಅನುಕೂಲ ಅಂತಾನೂ ಹೇಳು. ಮುಖ ಕಾಣೋ ಹಾಗೆ ನಿಂತು ಮಾತಾಡಿ ಅನ್ನು. ಅಂಕಿ ಬರೆದು ತೋರಿಸಿ ಅನ್ನು. ಅವರಿಗೂ ದಾರಿ ಗೊತ್ತಿರಲ್ಲಮ್ಮ, ನಾವೇ ತೋರಿಸ್ಬೇಕು.”

ಮರುದಿನ ಬೆಳಿಗ್ಗೆ ಹೂಂ ಅಕ್ಕ ಕೂದಲನ್ನು ಎತ್ತಿ ಗಂಟು ಕಟ್ಟಿದಳು. ಶ್ರವಣಯಂತ್ರ ಎಲ್ಲರಿಗೂ ಕಾಣುವಂತೆ ಕಿವಿಯ ಹಿಂದೆ ಕೂತಿತು. ಗೇಟಿನ ಹತ್ತಿರ ಕೈ ತಾನಾಗಿಯೇ ಕಿವಿಗೆ ಹೋಯಿತು. ಗಟ್ಟಿ ಮನಸ್ಸು ಮಾಡಿ ಕೈ ಕೆಳಗಿಳಿಸಿದಳು.

ಮಾಲೀಕರ ಹತ್ತಿರ ಹೋಗಲೆಂದು ಗಂಟಣ್ಣ ಆಗಲೇ ಮೇಡಂ ಕೋಣೆಯ ಹೊರಗೆ ಬಂದು ನಿಂತಿದ್ದ, ಒಗೆದ ಶರಟು ಹಾಕಿಕೊಂಡು. ಅವಳು ಅವನನ್ನು ದಾಟಿ ಒಳಗೆ ಹೋದಳು.

“ಮೇಡಂ, ನಿನ್ನೆ ನೀವು ಹೇಳಿದ್ದು ನನಗೆ ಕೇಳಿಸಲಿಲ್ಲ. ಎಪ್ಪತ್ತು ಅಂದ್ಕೊಂಡೆ. ಗಂಟಣ್ಣನದು ಏನೂ ತಪ್ಪಿಲ್ಲ. ನನ್ನ ಒಂದು ಕಿವಿ ಕೇಳಿಸಲ್ಲ, ಇನ್ನೊಂದು ಅರ್ಧ ಕೇಳಿಸುತ್ತೆ.”

ಮೇಡಂ ಬಾಯಿ ತೆರೆದುಕೊಂಡೇ ಕೂತರು. “ಮೂರು ವರ್ಷ ನನ್ನ ಹತ್ರ ಸುಳ್ಳು ಹೇಳಿದ್ಯಾ?”

“ಸುಳ್ಳು ಹೇಳಿಲ್ಲ ಮೇಡಂ. ಹೂಂ ಅಂದಿದ್ದೀನಿ ಅಷ್ಟೇ.” ಇದು ಸಮರ್ಥನೆ ಅಲ್ಲವೆಂದು ಹೇಳಿದ ಕ್ಷಣವೇ ಅವಳಿಗೆ ಅನಿಸಿತು. “ತಪ್ಪಾಯ್ತು. ಹೆದರಿಕೆಯಿಂದ ಹೇಳಲಿಲ್ಲ. ಮುಖ ಕಾಣೋ ಹಾಗೆ ನಿಂತು ಮಾತಾಡಿದ್ರೆ, ಅಂಕಿ ಬರೆದು ತೋರಿಸಿದ್ರೆ ಸಾಕು ಅಂತ ನಮ್ಮ ಪಕ್ಕದ ಮನೆ ನರ್ಸಮ್ಮ ಹೇಳಿದ್ದಾರೆ.”

ಎಲ್ಲರೂ ಚಪ್ಪಾಳೆ ತಟ್ಟಿದರು ಅಂತ ಬರೆದರೆ ನೀವು ನಂಬುವುದಿಲ್ಲ, ಹಾಗೇನೂ ಆಗಲೂ ಇಲ್ಲ. ಗಂಟಣ್ಣ ಕೆಲಸಕ್ಕೆ ಮರಳಿದ. “ನನ್ನ ತಲೆ ಮೇಲೆ ಬರೋ ತನಕ ಕಾದ್ಯಲ್ಲ ತಂಗಿ,” ಅಂದವನು ಎರಡು ದಿನ ಅವಳ ಜತೆ ಮಾತು ಬಿಟ್ಟ. ಮೇಡಂ ಅವಳನ್ನು ಮಷಿನಿನ ಹತ್ತಿರ ಬಿಡಲಿಲ್ಲ. ಬಟ್ಟೆ ಮಡಿಸುವ ಮೇಜಿಗೆ ಹಾಕಿ, “ವಾರ ಕಳೀಲಿ, ನೋಡೋಣ” ಅಂದರು. ‘ನೋಡೋಣ’ ಎಂದರೆ ಸಾಮಾನ್ಯವಾಗಿ ಏನು ಅರ್ಥವೆಂದು ಕೆಲಸ ಮಾಡುವವರೆಲ್ಲರಿಗೂ ಗೊತ್ತು. ಮನೆಯಲ್ಲಿ ಗಂಡ, “ನಾನು ಹೇಳಲಿಲ್ವಾ?” ಅಂದ. ಪುಣ್ಯಕ್ಕೆ ಒಂದೇ ಸಲ ಅಂದ.

ಆದರೆ ಮೇಡಂ ಕೆಟ್ಟವರಲ್ಲ. ಏನು ಮಾಡಬೇಕೆಂದು ತಿಳಿಯದೆ ಸಿಟ್ಟು ಮಾಡಿಕೊಂಡವರು, ಅಷ್ಟೇ. ನಾಲ್ಕನೇ ದಿನ ಅವರೇ ಮೇಜಿನ ಹತ್ತಿರ ಬಂದು, ಮುಖ ಕಾಣುವಂತೆ ನಿಂತು ಕೇಳಿದರು, “ನಿಮ್ಮ ಆ ನರ್ಸಮ್ಮ ಒಂದು ಸಲ ಇಲ್ಲಿಗೆ ಬರ್ತಾರಾ?”

ನರ್ಸಮ್ಮ ಬಂದರು. ಭಾಷಣ ಏನೂ ಮಾಡಲಿಲ್ಲ. ಹನ್ನೊಂದು ಜನ ಕೆಲಸಗಾರರಿಗೂ ಒಂದೊಂದು ಚೀಟಿ ಕೊಟ್ಟರು. “ಮಷಿನುಗಳೆಲ್ಲ ಓಡ್ತಾ ಇರಲಿ. ಮೇಡಂ, ನೀವು ದಿನಾ ನಿಲ್ಲೋ ಜಾಗದಲ್ಲಿ ನಿಂತು ದಿನಾ ಕೂಗೋ ಹಾಗೇ ಐದು ಅಂಕಿ ಕೂಗಿ. ಕೇಳಿಸಿದ್ದನ್ನ ಎಲ್ಲರೂ ಬರೀರಿ. ಪಕ್ಕದವರ ಚೀಟಿ ನೋಡ್ಬೇಡಿ, ಇದೇನು ಪರೀಕ್ಷೆ ಅಲ್ಲ.”

ಮೇಡಂ ಕೂಗಿದರು. ಎಲ್ಲರೂ ಬರೆದರು. ಚೀಟಿಗಳನ್ನು ಬಿಚ್ಚಿ ನೋಡಿದರೆ ‘ಇಪ್ಪತ್ತು’ ಇರಬೇಕಾದ ಕಡೆ ನಾಲ್ಕು ಜನ ‘ಎಪ್ಪತ್ತು’ ಎಂದು ಬರೆದಿದ್ದರು. ಇಬ್ಬರು ಏನೂ ಬರೆಯದೆ ಖಾಲಿ ಬಿಟ್ಟಿದ್ದರು. ಗಂಟಣ್ಣ ‘ಅರವತ್ತು’ ಎಂದು ಬರೆದಿದ್ದ. ಅವರೆಲ್ಲರ ಕಿವಿಯೂ ಚೆನ್ನಾಗಿಯೇ ಇತ್ತು.

“ನೀವೆಲ್ಲ ಇಷ್ಟು ದಿನ ನಿಮ್ಮ ನಿಮ್ಮ ಮಷಿನಿನ, ಇಸ್ತ್ರಿಯ ಬಿಸಿ ಹೇಗೆ ಸರಿಯಾಗಿ ಇಡ್ತಿದ್ರಿ?” ಮೇಡಂ ದಂಗಾಗಿ ಕೇಳಿದರು.

ಇಸ್ತ್ರಿ ಮಾಡುವ ಹೆಂಗಸು ತಲೆ ಕೆರೆದುಕೊಂಡಳು. “ಸರಿಯಾಗಿ ಕೇಳಿಸದಿದ್ರೆ ಅಂದಾಜಿನಲ್ಲಿ ಇಡ್ತಿದ್ವಿ ಮೇಡಂ. ಮತ್ತೆ ಕೇಳಿದ್ರೆ ನೀವು ಬೈತೀರಲ್ಲ.”

ಕೋಣೆಯಲ್ಲಿ ನಗು ಎದ್ದಿತು. ಮೇಡಂ ಮೊದಲು ನಗಲಿಲ್ಲ, ಆಮೇಲೆ ಅವರಿಗೂ ತಡೆಯಲಾಗಲಿಲ್ಲ. ಗಂಟಣ್ಣ ತನ್ನ ‘ಅರವತ್ತರ’ ಚೀಟಿ ಹಿಡಿದುಕೊಂಡು ಹೂಂ ಅಕ್ಕನ ಪಕ್ಕ ಬಂದು ನಿಂತ. “ನಿನ್ನ ಜಾಗದಲ್ಲಿ ನಾನಿದ್ದಿದ್ರೆ ನಾನೂ ಹೊದಿಕೆ ಬೇಯಿಸ್ತಿದ್ದೆ ತಂಗಿ,” ಅಂದ. ಹಾಗೆ ಅವರ ಮಾತು ಮತ್ತೆ ಶುರುವಾಯಿತು.

ಆ ವಾರವೇ ಪ್ರತಿ ಮಷಿನಿಗೂ ಒಂದು ಸ್ಲೇಟು ನೇತುಬಿತ್ತು. ಎಷ್ಟು ಬಿಸಿ, ಎಷ್ಟು ಹೊತ್ತು ಎಂಬುದನ್ನು ಮೇಡಂ ಬರೆದು ಹೋಗುತ್ತಾರೆ, ದೂರದಿಂದ ಕೂಗುವುದನ್ನು ಬಿಟ್ಟಿದ್ದಾರೆ. ಮಷಿನು ನಿಂತಾಗ ಬಡಿಯುವ ಗಂಟೆಯ ಜತೆಗೆ ಒಂದು ಕೆಂಪು ದೀಪವನ್ನೂ ಹಾಕಿಸಿದರು. ಮಾತಾಡಬೇಕಾದವರು ಎದುರಿಗೆ ಬಂದು ಮಾತಾಡುತ್ತಾರೆ. ‘ಇನ್ನೊಂದು ಸಲ ಹೇಳಿ’ ಅಂದರೆ ಯಾರೂ ಹುಬ್ಬು ಗಂಟಿಕ್ಕಬಾರದು ಎಂಬುದು ಹೊಸ ನಿಯಮ. ಮೇಡಂ ದಿನಕ್ಕೆ ಒಂದು ಸಲವಾದರೂ ಅದನ್ನು ಮುರಿಯುತ್ತಾರೆ, ಆಮೇಲೆ ತಾವೇ ‘ತಪ್ಪಾಯ್ತು’ ಅನ್ನುತ್ತಾರೆ.

ಅವಳು ಮತ್ತೆ ಮಷಿನಿನ ಹತ್ತಿರ ನಿಂತಳು. ಅವಳಲ್ಲಿ ಏನೋ ವಿಶೇಷ ಶಕ್ತಿ ಕಂಡು ಉಳಿಸಿಕೊಂಡರು ಅಂತ ತಿಳಿಯಬೇಡಿ. ಎಲ್ಲರ ಹಾಗೆ ಕೆಲಸ ಬಲ್ಲವಳು, ಅಷ್ಟೇ. ಅಷ್ಟು ಸಾಕಾಗಬೇಕು. ಅವಳು ಬಾಯಿ ತುಂಬ ಮಾತಾಡುವವಳು, ಜೋಕು ಹೇಳಿ ತಾನೇ ಮೊದಲು ನಗುವವಳು ಎಂಬುದು ಮೂರು ವರ್ಷ ಜತೆಗಿದ್ದವರಿಗೆ ಈಗ ಗೊತ್ತಾಯಿತು. ನನಗೆ ಬೇಜಾರಾಗುವುದು ಅಲ್ಲೇ. ಮೂರು ವರ್ಷ ಒಬ್ಬಳ ನಗು ಕೇಳದೆ ಅವರೆಲ್ಲ ಪಕ್ಕದಲ್ಲೇ ಕೂತು ಊಟ ಮಾಡಿದ್ದರು.

ಒಂದು ಸಂಜೆ ಗಂಡ ಎಂದಿನ ಹಾಗೆ ಉಗುರು ಉಜ್ಜುತ್ತಾ ಕುಳಿತಿದ್ದ. ಉಜ್ಜುತ್ತಲೇ ಕೇಳಿದ, “ಅಲ್ಲ, ನಿಮ್ಮ ಮೇಡಂ ಹತ್ರ ಮಾತು ಹೇಗೆ ಶುರು ಮಾಡಿದೆ? ಮೊದಲನೇ ಮಾತು ಏನು ಆಡಿದೆ?”

“ಯಾಕ್ರೀ?”

ಅವನು ತಲೆ ಎತ್ತಲಿಲ್ಲ. “ನನಗೆ ಹಸಿರು, ಕಂದು ಎರಡೂ ಒಂದೇ ಥರ ಕಾಣುತ್ತೆ ಕಣೆ. ಚಿಕ್ಕಂದಿನಿಂದ. ಡಬ್ಬದ ಮೇಲಿನ ಹೆಸರು ಓದ್ಕೊಂಡು ಕಾಲ ಹಾಕ್ತಿದ್ದೀನಿ. ಚೀಟಿ ಕಿತ್ತುಹೋದ ಡಬ್ಬ ಕೈಗೆ ಬಂದ್ರೆ ಜೀವ ಬಾಯಿಗೆ ಬರುತ್ತೆ.”

ಹನ್ನೆರಡು ವರ್ಷ ಸಂಸಾರ ಮಾಡಿದ ಅವಳಿಗೂ ಇದು ಗೊತ್ತಿರಲಿಲ್ಲ. ಅವನ ಕೈಯಿಂದ ಬಟ್ಟೆ ತೆಗೆದಿಟ್ಟು, ಮುಖ ಕಾಣುವಂತೆ ಎದುರಿಗೆ ಕೂತಳು. “ಬನ್ನಿ, ನಿಮ್ಮ ಮೇಸ್ತ್ರಿಗೆ ಏನು ಹೇಳೋದು ಅಂತ ಇಬ್ಬರೂ ಕೂತು ಯೋಚನೆ ಮಾಡೋಣ,” ಅಂದಳು.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಅಂಗಡಿಯಲ್ಲಿ, ಕಚೇರಿಯಲ್ಲಿ, ಕಾರ್ಖಾನೆಯಲ್ಲಿ ಏನನ್ನೋ ಮುಚ್ಚಿಟ್ಟುಕೊಂಡು ದುಡಿಯುವವರು ಖಂಡಿತ ಇದ್ದಾರೆ. ಕಿವಿ, ಕಣ್ಣು, ಓದು, ತೊದಲು, ಮನಸ್ಸಿನ ಕಾಯಿಲೆ, ತಾನು ಯಾರು ಎಂಬುದು, ಏನು ಬೇಕಾದರೂ ಇರಬಹುದು. ಅವರ ಗುಟ್ಟನ್ನು ಕೆದಕಲು ಹೋಗಬೇಡಿ. ಹೇಳಿದರೆ ಏನೂ ಆಗುವುದಿಲ್ಲ ಎಂಬ ಧೈರ್ಯವನ್ನು ಮಾತ್ರ ಕೊಡಿ. ಮಾಲೀಕರು, ಮೇಸ್ತ್ರಿಗಳು, ಮೇಲಧಿಕಾರಿಗಳು ಮೊದಲು ಮಾಡಬೇಕು ಈ ಕೆಲಸ, ಯಾಕೆಂದರೆ ಜನ ಹೆದರುವುದು ನಿಮಗೇ. ನಾಳೆ ಕೆಲಸಕ್ಕೆ ಹೋದಾಗ ಜತೆಯವರ ಎದುರಿಗೆ ನಿಂತು ಒಂದೇ ಮಾತು ಕೇಳಿ: “ನಿಮಗೆ ಕೆಲಸ ಮಾಡೋಕೆ ಏನು ಅನುಕೂಲ ಬೇಕು?” ಕೇಳಿ ಆದಮೇಲೆ, ಅವರು ಉತ್ತರ ಹೇಳುವ ತನಕ ಅಲ್ಲೇ ನಿಂತಿರಿ.