ಹಿಟ್ಟಿನ ಡಬ್ಬದ ತಳದ ಕವರು

ಮುದ್ದೆ ಕಟ್ಟುವ ಮುಂಚೆ ಲಕ್ಕಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಮಾತ್ರೆ ತೆಗೆದಳು. ಚಮಚದ ಬೆನ್ನಿನಿಂದ ಅರೆದು, ಪುಡಿಯನ್ನು ಮಗಳ ಪಾಲಿನ ಹಿಟ್ಟಿನ ನಡುವೆ ಇಟ್ಟು, ಒದ್ದೆ ಕೈಯಲ್ಲಿ ಉಂಡೆ ಮಾಡತೊಡಗಿದಳು.

"ಅದೇನಮ್ಮ ಹಾಕಿದ್ದು?"

ನಯನಾ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು.

"ಉಪ್ಪು ಕಣೆ."

"ಒಂದೇ ಮುದ್ದೆಗೆ ಉಪ್ಪಾ?"

ಮಾತ್ರೆಯ ಖಾಲಿ ಹಾಳೆ ಒಲೆಯ ಪಕ್ಕದಲ್ಲೇ ಬಿದ್ದಿತ್ತು.

ಹೋದ ವರ್ಷ ಹೆಬ್ಬಾಳದ ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರು ಕೊಟ್ಟ ಮಾತ್ರೆಗಳನ್ನು ನಯನಾ ಒಂದು ವಾರ ನುಂಗಿ ಬಿಸಾಡಿದ್ದಳು. ಗಾರ್ಮೆಂಟ್ಸ್ ಕೆಲಸ ಬಿಟ್ಟು, ತಲೆ ಬಾಚದೆ, ಗೋಡೆಯ ಕಡೆ ತಿರುಗಿ ಮಲಗುತ್ತಿದ್ದವಳು ಕಡೆಗೆ ಒಪ್ಪಿದ್ದು ವಿದ್ಯಾರಣ್ಯಪುರದ ಕೌನ್ಸೆಲರ್ ಜಬೀನ್ ಮೇಡಂ ಹತ್ತಿರ ವಾರಕ್ಕೊಮ್ಮೆ ಕೂತು ಮಾತಾಡುವುದಕ್ಕೆ ಮಾತ್ರ. ಲಕ್ಕಮ್ಮ ಒಬ್ಬಳೇ ಆಸ್ಪತ್ರೆಗೆ ಹೋಗಿ, "ತಕಂತವ್ಳೆ ಸಾ" ಎಂದು ಹೇಳಿ ಮಾತ್ರೆ ತರುತ್ತಿದ್ದಳು. ಡಾಕ್ಟರೂ ತಾನೂ ಸೇರಿ ನಯನಾಳನ್ನು ನೋಡಬೇಕು, ಇದನ್ನು ಡಾಕ್ಟರಿಗೆ ಕೊಟ್ಟುಬಿಡಿ ಎಂದು ಜಬೀನ್ ಲಕ್ಕಮ್ಮನಿಗೆ ಬರೆದುಕೊಟ್ಟ ಪತ್ರದ ಕವರು ಮೂರು ತಿಂಗಳಿಂದ ರಾಗಿಹಿಟ್ಟಿನ ಡಬ್ಬದ ತಳದಲ್ಲಿತ್ತು. ಅವರಿಬ್ಬರೂ ಮಾತಾಡಿಕೊಂಡರೆ ಗುಟ್ಟು ಉಳಿಯುತ್ತಿರಲಿಲ್ಲ.

"ಎಷ್ಟು ದಿನದಿಂದ?"

"ಯುಗಾದಿಯಿಂದ. ಉಷಾರಾದ್ಯಲ್ಲವ್ವ ನೀನು. ನಗ್ತಾ ಓಡಾಡ್ದೆ..."

"ಮಾತಾಡಿ ಮಾತಾಡಿ ನಾನೇ ಹುಷಾರಾದೆ ಅಂದ್ಕೊಂಡಿದ್ದೆ." ನಯನಾಳ ದನಿ ಏರಲಿಲ್ಲ. "ಮೇಡಂಗೂ ಹಂಗೇ ಹೇಳ್ದೆ. ಚಪ್ಪಾಳೆ ತಟ್ಟಿದ್ರು ಕಣಮ್ಮ."

ಎರಡು ದಿನ ಅವಳು ಮನೆಯಲ್ಲಿ ಊಟ ಮಾಡಲಿಲ್ಲ. ನೀರನ್ನೂ ತಾನೇ ನಲ್ಲಿಯಿಂದ ಹಿಡಿದುಕೊಂಡಳು. ಮೂರನೆಯ ದಿನ ಬೆಳಿಗ್ಗೆ ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದ್ದಾಗ ಲಕ್ಕಮ್ಮ ಡಬ್ಬಕ್ಕೆ ಕೈ ಹಾಕಿದಳು. ಕವರಿಗೆ ಮೆತ್ತಿದ್ದ ಹಿಟ್ಟನ್ನು ಒರೆಸಿ ಮಗಳ ತಲೆದೆಸೆಯಲ್ಲಿಟ್ಟಳು.

"ಏಳವ್ವ, ನಿಮ್ಮ ಮೇಡಂ ಕಾಗ್ದ ಡಾಕ್ಟರ್ಗೆ ಕೊಟ್ಟು ಬರನ. ಬೈದ್ರೆ ಬೈಸ್ಕತೀನಿ."

ನಯನಾ ಎದ್ದು ಕೂತು ಕವರನ್ನು ಕೈಗೆತ್ತಿಕೊಂಡಳು.

"ಮಾತ್ರೆ ಬೇಕಾ ಬೇಡ್ವಾ, ನಾನೇ ಕೇಳ್ತೀನಿ. ನೀನು ಬಾಯ್ಬಿಡ್ಬೇಡ."

ಆಸ್ಪತ್ರೆಯ ಕಿಟಕಿಯಲ್ಲಿ ನರ್ಸು ಕವರನ್ನು ತಿರುಗಿಸಿದಳು.

"ಏನಮ್ಮಾ, ಮೂರು ತಿಂಗಳು ಹಳೇ ಡೇಟು?"

"ತಪ್ಪು ನಂದೇ ಕಣವ್ವ. ಒಳಕ್ಕೆ ಕಳ್ಸು."

ಆಯಾ ಬಂದು ಕವರನ್ನು ಡಾಕ್ಟರರ ಕೋಣೆಗೆ ಒಯ್ದಳು. ಬಾಗಿಲು ಮುಚ್ಚಿತು. ಲಕ್ಕಮ್ಮ ಚೀಲದಿಂದ ಬೇಕರಿಯ ಬನ್ನು ತೆಗೆದು ಬೆಂಚಿನ ಮೇಲೆ ಕೂತಿದ್ದ ಮಗಳಿಗೆ ನೀಡಿದಳು. ನಯನಾ ಅದನ್ನು ತೆಗೆದುಕೊಂಡಳು. ಮೇಲೆ ಕೆಳಗೆ ನೋಡಿ, ಎರಡು ಹೋಳು ಮಾಡಿ, ನಡುವೆ ಬೆರಳಿಂದ ಮೆಲ್ಲಗೆ ಒತ್ತಿದಳು.