ಬಾಗಿಲು ತೆರೆದ ಅಳತೆ

"ಇದ್ರಲ್ಲಿ ಕಾರಿನ ಬಾಗಿಲು ಮುಚ್ಚಿದೆಯಲ್ಲ ಸಾರ್," ಎಂದರು ಶೀಟಿನ ಮೇಸ್ತ್ರಿ, ಕಾರು ಶೆಡ್ಡಿನ ನಕ್ಷೆಯನ್ನು ಬೆಳಕಿಗೆ ಹಿಡಿದು.

ಮನೆಯ ಯಜಮಾನನಿಗೆ ಮಾತು ಅರ್ಥವಾಗಲಿಲ್ಲ. ನೀರು ಸರಬರಾಜು ಕಚೇರಿಯಲ್ಲಿ ಹದಿನೆಂಟು ವರ್ಷದಿಂದ ನಕ್ಷೆ ಬರೆಯುತ್ತಿದ್ದವನು ಅವನು. ಕಾರಿನ ಉದ್ದ, ಅಗಲ, ಎತ್ತರ, ಸುತ್ತ ಒಂದೊಂದು ಅಡಿ ಜಾಗ, ಎಲ್ಲವನ್ನೂ ಪೆನ್ಸಿಲ್ಲಿನಲ್ಲಿ ಕೂದಲೆಳೆಯಷ್ಟು ತೆಳ್ಳಗೆ ಬರೆದು, ಮೇಲೆ ಕಮಾನಿನಂತೆ ಬಾಗಿದ ತಗಡಿನ ಚಾವಣಿಯನ್ನು ಕೂರಿಸಿದ್ದ. ಅಂಗಡಿಯ ಪುಸ್ತಕದಲ್ಲಿ ಮೂರು ಬಗೆ ಇದ್ದವು: ಕಮಾನು, ಎರಡು ಕಡೆಗೆ ಇಳಿಯುವುದು, ಒಂದೇ ಕಡೆಗೆ ಇಳಿಯುವುದು. ಕೊನೆಯದು ದನದ ಕೊಟ್ಟಿಗೆಯ ಹಾಗಿದೆ ಎಂದು ಅವನು ಆ ಪುಟವನ್ನು ಸರಿಯಾಗಿ ನೋಡಿಯೂ ಇರಲಿಲ್ಲ.

"ನಿಂತಿರೋ ಕಾರಿನ ಬಾಗಿಲು ಮುಚ್ಚಿರದೆ ಇನ್ನೇನು?" ಎಂದ.

"ನಿಂತಿರೋ ಕಾರಿನ ಮೇಲೆ ಮಳೆ ಬಿದ್ರೆ ಏನಾಗುತ್ತೆ ಸಾರ್? ತೊಳೆದ ಹಾಗಾಗುತ್ತೆ. ಇದನ್ನ ಓಡಿಸೋರು ಯಾರು?"

ಒಳಗಿನಿಂದ ಅವನ ತಾಯಿಯ ದನಿ ಬಂತು. "ನನ್ನ ಸೊಸೆ. ಇವನು ಓಡಿಸೋ ಹಾಗಿದ್ರೆ ಶೆಡ್ಡಿನ ಜೊತೆ ಕಾಂಪೌಂಡಿಗೂ ದಿಂಬು ಕಟ್ಟಬೇಕಿತ್ತು."

ಅಷ್ಟರಲ್ಲಿ ಸೊಸೆಯೇ ಗಾಲಿಕುರ್ಚಿ ತಳ್ಳಿಕೊಂಡು ಇಳಿಜಾರಿನ ಮೇಲೆ ಬಂದಳು. ಬಿದ್ದು ಬೆನ್ನು ಮುರಿದು ಹನ್ನೊಂದು ವರ್ಷವಾಗಿತ್ತು. ಕಾಲುಗಳು ಮಾತು ಕೇಳದಿದ್ದರೂ ಕೈಗಳು ಹೇಳಿದ್ದೆಲ್ಲ ಕೇಳುತ್ತಿದ್ದವು. ಊರಿನ ಇನ್ನೊಂದು ತುದಿಯ ಪ್ರಯೋಗಾಲಯದಲ್ಲಿ ಅವಳು ಕಟ್ಟುಹಲ್ಲು ತಯಾರಿಸುತ್ತಿದ್ದಳು. ಕಾರಿನಲ್ಲಿ ಬ್ರೇಕಿಗೂ ವೇಗಕ್ಕೂ ಸ್ಟೀರಿಂಗಿನ ಪಕ್ಕದಲ್ಲೇ ಲಿವರು ಹಾಕಿಸಿಕೊಂಡು, ದಿನವೂ ಒಬ್ಬಳೇ ಹೋಗಿ ಒಬ್ಬಳೇ ಬರುತ್ತಿದ್ದಳು. ಹೋದ ಮಳೆಗಾಲದಲ್ಲಿ ಮಾತ್ರ ಅದು ನಡೆಯಲಿಲ್ಲ. ಕಾರು ಹತ್ತುವುದರೊಳಗೆ ಎರಡು ಸಲ ನೆನೆದು ತೊಪ್ಪೆಯಾಗಿ, ಜ್ವರ ಎದೆಗಿಳಿದು, ಆಮೇಲೆ ನಾಲ್ಕು ತಿಂಗಳು ಗಂಡನೇ ಬಿಟ್ಟು ಕರೆತಂದಿದ್ದ. ಈ ಸಲವೂ ತಾನೇ ಬಿಡುತ್ತೇನೆಂದು ಅವನು ಪ್ರೀತಿಯಿಂದಲೇ ಹೇಳಿದ್ದ. ಅವಳು ಒಂದೇ ಮಾತಿನಲ್ಲಿ ಮುಗಿಸಿದ್ದಳು: "ನೀವು ಇಳಿಸಿ ಬರೋ ಪಾರ್ಸೆಲ್ಲಿನ ಹಾಗೆ ಇನ್ನೊಂದು ಮಳೆಗಾಲ ಹೋಗಲಾರೆ. ಶೆಡ್ಡು ಆಗದಿದ್ರೆ ಕೆಲಸ ಬಿಡ್ತೀನಿ." ಮಳೆಗೆ ಇನ್ನು ಮೂರು ವಾರವಿತ್ತು.

"ತಾಯಿ, ಒಂದ್ಸಲ ಕಾರು ಹತ್ತಿ ತೋರಿಸ್ತೀರಾ?" ಎಂದರು ಮೇಸ್ತ್ರಿ. "ನಿಮ್ಮ ಪಾಡಿಗೆ ನೀವು. ನಾನಿಲ್ಲ ಅಂದ್ಕೊಳ್ಳಿ."

"ಟಿಕೆಟ್ ಇಡಬೇಕಾಗುತ್ತೆ ಮೇಸ್ತ್ರಿ."

"ಮುಂದಿನ ಸಾಲಿಂದೇ ಕೊಡಿ," ಎಂದು ಅವರು ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕೂತರು.

ಅವಳು ಬಾಗಿಲನ್ನು ಪೂರ್ತಿ ತೆರೆದಳು. ಕುರ್ಚಿಯನ್ನು ಸೀಟಿಗೆ ಒತ್ತಿ ನಿಲ್ಲಿಸಿ, ನಡುವೆ ನುಣುಪಾದ ಹಲಗೆಯಿಟ್ಟು, ತೋಳಿನ ಬಲದ ಮೇಲೆ ಜಾರಿ ಒಳಗೆ ಕೂತಳು. ಒಂದೊಂದೇ ಕಾಲನ್ನು ಎತ್ತಿ ಒಳಗಿಟ್ಟುಕೊಂಡಳು, ಮಲಗಿದ ಮಗುವನ್ನು ಎತ್ತಿಡುವಂತೆ. ಆಮೇಲೆ ಹೊರಗೆ ಬಾಗಿ ಕುರ್ಚಿಯ ಗಾಲಿಗಳನ್ನು ಕಳಚಿ, ಒಂದನ್ನು, ಇನ್ನೊಂದನ್ನು, ಕೊನೆಗೆ ಚೌಕಟ್ಟನ್ನು, ಮಡಿಲಿನ ಮೇಲಿಂದ ದಾಟಿಸಿ ಪಕ್ಕದ ಸೀಟಿಗಿಟ್ಟಳು. ಬಾಯಿಪಾಠವಾದ ಪದ್ಯದಲ್ಲಿ ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ನಾಲಿಗೆಗೆ ಗೊತ್ತಿರುವಂತೆ, ಎಲ್ಲಿ ನಿಲ್ಲಬೇಕೆಂದು ಆ ಕೈಗಳಿಗೆ ಗೊತ್ತಿತ್ತು. ಚೌಕಟ್ಟು ಎತ್ತುವಾಗ ಗಂಡ ಎಂದಿನಂತೆ ಮುಂದೆ ಹೋಗಲು ಎದ್ದ. "ಕೂತ್ಕೊಳ್ಳಿ ಸಾರ್," ಎಂದರು ಮೇಸ್ತ್ರಿ ಮೆಲ್ಲಗೆ.

ಬಾಗಿಲು ಮುಚ್ಚಿದಾಗ ಅವರು ಗಡಿಯಾರ ನೋಡಿಕೊಂಡರು. "ಒಂಬತ್ತು ನಿಮಿಷ." ಸೀಮೆಸುಣ್ಣ ಹಿಡಿದು ನೆಲದ ಮೇಲೆ ಗುರುತು ಹಾಕತೊಡಗಿದರು: ಬಾಗಿಲಿನ ತುದಿ ಇಲ್ಲಿ, ಗಾಲಿ ಇಲ್ಲಿ, ಬಾಗಿದಾಗ ಮೊಣಕೈ ಇಲ್ಲಿ. ಗುರುತುಗಳೆಲ್ಲ ನಕ್ಷೆಯ ಚಾವಣಿಯಿಂದ ಎರಡೂವರೆ ಅಡಿ ಆಚೆಗಿದ್ದವು.

"ಮಳೆ ಯಾವ ಕಡೆಯಿಂದ ಹೊಡೆಯುತ್ತೆ?"

"ಮೇಲಿಂದ," ಎಂದ ಯಜಮಾನ.

"ಬಟ್ಟೆ ಒಣಗಿಸೋಳು ನಾನು, ನನ್ನ ಕೇಳಿ," ಎಂದು ತಾಯಿ ಹೊರಗೇ ಬಂದರು. "ಆ ಖಾಲಿ ಜಾಗದ ಕಡೆಯಿಂದ, ಓರೆಯಾಗಿ. ನೋಡಿ ಕಾಂಪೌಂಡನ್ನ, ಅಲ್ಲಿ ಮಾತ್ರ ಪಾಚಿ."

ಖಾಲಿ ಜಾಗ ಇದ್ದದ್ದು ಕಾರಿನ ಬಲಕ್ಕೆ, ಅವಳು ಹತ್ತುವ ಬಾಗಿಲಿನ ಕಡೆಗೇ. ಮೇಸ್ತ್ರಿ ಬಹಳ ಹೊತ್ತು ಆ ಗೋಡೆಯನ್ನೂ ಪಕ್ಕದ ಮನೆಯಿಂದ ಬಾಗಿದ ಮರವನ್ನೂ ನೋಡಿದರು. ಆಮೇಲೆ ಅಲೆಯಲೆಯಾದ ತಗಡಿನ ಒಂದು ತುಂಡು ಶೀಟು ತಂದು, ಅಲೆಗಳು ಅಡ್ಡಕ್ಕೆ ಬರುವಂತೆ ಓರೆಯಾಗಿ ಹಿಡಿದು, ಒಂದಿಷ್ಟು ತರಗೆಲೆ ಹಾಕಿ ತಂಬಿಗೆಯಿಂದ ನೀರು ಸುರಿದರು. ಎಲೆಗಳು ಅಲೆಗಳ ಸಂದಿನಲ್ಲಿ ಕೂತುಬಿಟ್ಟವು, ಅವುಗಳ ಹಿಂದೆ ನೀರೂ ಕೂತಿತು. ಶೀಟು ತಿರುಗಿಸಿ, ಅಲೆಗಳು ಇಳಿಜಾರಿನುದ್ದಕ್ಕೆ ಬರುವಂತೆ ಹಿಡಿದು ಸುರಿದಾಗ ಎಲ್ಲವೂ ಒಂದೇ ಸಲಕ್ಕೆ ಜಾರಿಹೋಯಿತು.

"ನಿಮ್ಮ ಕಮಾನಿನಲ್ಲಿ ಅಲೆ ಅಡ್ಡಕ್ಕೇ ಬರೋದು ಸಾರ್. ಕಸ ನಿಲ್ಲುತ್ತೆ, ನೀರು ನಿಲ್ಲುತ್ತೆ, ತುಕ್ಕು ಹಿಡಿಯುತ್ತೆ. ಎರಡಿಳಿಜಾರು ಹಾಕಿದ್ರೆ ಅರ್ಧ ನೀರು ಇವರ ತಲೆ ಮೇಲೆ. ಒಂದೇ ಇಳಿಜಾರು, ಗಾಳಿ ಕಡೆಗೆ ತಗ್ಗು, ಮನೆ ಕಡೆಗೆ ಎತ್ತರ, ಅದೇ ಸರಿ. ಗಾಳಿ ಅಡಿಗೆ ನುಗ್ಗಿ ಎತ್ತೋದಿಲ್ಲ, ಮೇಲೆ ಹತ್ತಿ ಹೋಗುತ್ತೆ. ಆದ್ರೆ ತಗ್ಗಿನ ಕಡೆಗೇ ಇವರ ಬಾಗಿಲು. ನೀರೆಲ್ಲ ಕುರ್ಚಿಗೆ." ತಲೆ ಕೆರೆದುಕೊಂಡರು. "ಇಲ್ಲೇ ಸಿಕ್ಕಿಬಿದ್ದೆ ನೋಡಿ. ಒಂದು ದಿನ ಕೊಡಿ, ಯೋಚನೆ ಮಾಡ್ತೀನಿ."

ಯಜಮಾನ ನಕ್ಷೆಯನ್ನು ಸುರುಳಿ ಸುತ್ತಿದ. ಶೆಡ್ಡು ಆಗುವುದಿಲ್ಲವೆಂದರೆ, ಅವಳು ಒಬ್ಬಳೇ ಹೋಗುವ ಆತಂಕ ತಪ್ಪಿ ತನಗೆ ಸ್ವಲ್ಪ ನಿರಾಳವಾದೀತೆಂದು ಅವನಿಗೆ ಆ ಕ್ಷಣ ಹೊಳೆದು, ನಾಚಿಕೆಯೂ ಆಯಿತು.

ಕಾರಿನೊಳಗಿಂದ ಅವಳು ಸುಣ್ಣದ ಗೆರೆಗಳನ್ನೇ ನೋಡುತ್ತಿದ್ದಳು. "ಮೇಸ್ತ್ರಿ, ನಾನು ಹಿಮ್ಮುಖವಾಗಿ ಬಂದು ನಿಲ್ಲಿಸಿದ್ರೆ? ಆಗ ನನ್ನ ಬಾಗಿಲು ಮನೆ ಕಡೆ ಬರುತ್ತಲ್ಲ."



"ರಿವರ್ಸಲ್ಲಿ ಒಳಗೆ ಬರೋದಾ?" ಎಂದ ಗಂಡ. "ಈ ಇಕ್ಕಟ್ಟಿನಲ್ಲಿ? ಒಂದು ಕೈ ಲಿವರಿಗೆ, ಒಂದು ಕೈ ಸ್ಟೀರಿಂಗಿಗೆ. ಹಿಂದಕ್ಕೆ ತಿರುಗಿ ನೋಡೋದು ಹೇಗೆ?"

"ಕನ್ನಡಿ ಇವೆಯಲ್ಲರೀ, ಮೂರು."

ಅವಳು ಬೀದಿಗೆ ಹೋಗಿ ತಿರುಗಿಸಿಕೊಂಡಳು. ಬೆನ್ನು ಹಾಕಿ ಒಳಗೆ ಬಂದ ಕಾರು ಗೇಟಿನ ಕಂಬದ ಬಳಿ ಒಮ್ಮೆ ನಿಂತಿತು, ಗೇಣಷ್ಟು ಮುಂದೆ ಹೋಯಿತು, ಮತ್ತೆ ಬಂತು. ಗಂಡನ ಕೈ ತಾನಾಗಿ ಮೇಲೆದ್ದು ಎಡ, ಬಲ ಎಂದು ಬೀಸತೊಡಗಿತ್ತು. ಅವಳು ಅವನನ್ನು ನೋಡುತ್ತಲೇ ಇರಲಿಲ್ಲ. ಹಲ್ಲಿನ ಅಚ್ಚಿಗೆ ಕೊನೆಯ ಉಜ್ಜು ಕೊಡುವಾಗಿನ ಮುಖ ಅದು. ಕಾರು ಮನೆಯ ಗೋಡೆಗೆ ಸಮನಾಗಿ, ಕುರ್ಚಿಗೆ ಬೇಕಾದ ನಾಲ್ಕಡಿ ಬಿಟ್ಟು ನಿಂತಿತು. ಗಂಡ ಕೈ ಇಳಿಸಿದ.

ಮೇಸ್ತ್ರಿ ಹಳೆಯ ಗೆರೆಗಳನ್ನು ಪಾದದಿಂದ ಒರೆಸಿದರು. "ನಲವತ್ತು ವರ್ಷ ಶೆಡ್ಡು ಹಾಕಿದೀನಿ ತಾಯಿ. ಚಾವಣಿನೇ ಆಚೆ ಈಚೆ ತಿರುಗಿಸ್ತಾ ಕೂತಿದ್ದೆ. ಕಾರು ತಿರುಗಿಸ್ಬೋದು ಅಂತ ಹೊಳೀಲೇ ಇಲ್ಲ."

"ನಮ್ಮ ಮನೇಲಿ ತಲೆ ಇರೋದು ಅವಳೊಬ್ಬಳಿಗೇ," ಎಂದರು ಅತ್ತೆ. "ಉಳಿದೋರಿಗೆ ಕೂದಲಿದೆ. ಇವನಿಗೆ ಅದೂ ಹೋಗ್ತಾ ಇದೆ."

ಅಂದು ಸಂಜೆ ಅವನು ಹೊಸ ಹಾಳೆ ತೆಗೆದ. ಕಾರಿನ ಬಾಗಿಲನ್ನು ತೆರೆದಂತೆ ಬರೆದ. ಪಕ್ಕದಲ್ಲಿ ಗಾಲಿಕುರ್ಚಿ ಬರೆಯಬೇಕಾಯಿತು. ಹನ್ನೊಂದು ವರ್ಷ ಮನೆಯಲ್ಲೇ ಇದ್ದ ಕುರ್ಚಿ. ಅದರ ಅಗಲ ಎಷ್ಟೆಂದು ಗೊತ್ತಿಲ್ಲದೆ ಎದ್ದುಹೋಗಿ ಅಳೆದುಕೊಂಡು ಬಂದ.

ಮೇಸ್ತ್ರಿ ಹನ್ನೆರಡು ದಿನದಲ್ಲಿ ಮುಗಿಸಿದರು. ಮನೆಯ ಸೂರಿನಡಿಯಿಂದಲೇ ಚಾವಣಿ ಹೊರಟು ಗಾಳಿಯ ಕಡೆಗೆ ಇಳಿಯಿತು. ತಗ್ಗಿನ ಬದಿಗೆ ಇನ್ನೊಂದು ಶೀಟನ್ನು ಸೊಂಟದವರೆಗೆ ಇಳಿಬಿಟ್ಟರು. ಕೆಲಸ ಮುಗಿದ ಮೇಲೆ ತಾವೇ ಒಂದು ಕುರ್ಚಿ ತರಿಸಿ, ಅವಳು ಹತ್ತುವ ಜಾಗದಲ್ಲಿ ಕೂತು, ಅವಳ ಕಣ್ಣಿನ ಎತ್ತರದಿಂದ ಸುತ್ತ ಒಮ್ಮೆ ನೋಡಿಕೊಂಡು ಎದ್ದರು.

ಮಳೆ ಒಂದು ಬೆಳಿಗ್ಗೆ ಎಂಟೂಕಾಲಿಗೆ ಬಂತು, ಅವಳು ಹೊರಡುವ ಹೊತ್ತಿಗೆ ಸರಿಯಾಗಿ. ಗಂಡ ಗೇಟು ತೆರೆದಿಟ್ಟು, ನೆನೆದು ಬಂದು, ಹೊಸ್ತಿಲ ಒಳಗೆ ನಿಂತ. ತಗಡಿನ ಮೇಲೆ ಸದ್ದು ಎಷ್ಟಿತ್ತೆಂದರೆ ಅವನೇನಾದರೂ ಹೇಳಿದ್ದರೂ ಅವಳಿಗೆ ಕೇಳಿಸುತ್ತಿರಲಿಲ್ಲ. ಆಚೆ ಬದಿಯಲ್ಲಿ ನೀರು ಪರದೆಯಂತೆ ಇಳಿಯುತ್ತಿತ್ತು. ಈಚೆ ಅವಳು ಹಲಗೆಯಿಟ್ಟಳು, ಜಾರಿದಳು, ಕಾಲೆತ್ತಿಟ್ಟಳು. ಒಂದು ಗಾಲಿ ಕಳಚಿದ ಮೇಲೆ ನಿಲ್ಲಿಸಿ, ಜಾರಿದ ಹೇರ್‌ಪಿನ್ನನ್ನು ತೆಗೆದು ಮತ್ತೆ ಸಿಕ್ಕಿಸಿಕೊಂಡಳು. ಆಮೇಲೆ ಇನ್ನೊಂದು ಗಾಲಿ.

ಕಾರು ಮೆಲ್ಲನೆ ಮುಂದೆ ಸರಿಯಿತು. ಚಾವಣಿಯ ಅಂಚಿನವರೆಗೂ ಅದರ ಗಾಜು ಒಣಗಿಯೇ ಇತ್ತು. ಮೊದಲ ಹನಿಗಳು ಬಿದ್ದ ಮೇಲೆ ವೈಪರು ಎದ್ದು, ಒಮ್ಮೆ ಆಚೆ, ಒಮ್ಮೆ ಈಚೆ ಆಡತೊಡಗಿತು.